ಟ್ಯಾಪಿಂಗ್ ಮಾಡುತ್ತಾ ಪರಿಸರ ಪದವಿ ಓದಿದ್ದು

‘ನಿಮಗೆ ಈ ಪ್ರಾಯದಲ್ಲಿ ಡಿಗ್ರಿ ಎಂತಕ್ಕೆ ಮಾರಾಯ್ರೆ? ಕೆಲಸಕ್ಕೆ ಹೋಗ್ಲಿಕ್ಕುಂಟಾ?’

ಸೊಸೈಟಿಯಲ್ಲಿ ರಬ್ಬರ್ ಶೀಟು ತೂಕಕ್ಕಿಟ್ಟು ಕಾಯುತ್ತಿದ್ದಾಗ ಪರಿಚಯದವರೊಬ್ಬರು ಹೀಗೆ ಕೇಳಿದರು. ಕೆಲಸಕ್ಕೆ ಹೋಗಲಿಕ್ಕಿಲ್ಲ. ನನಗೀಗ 46 ವರ್ಷ. ಸುಳ್ಯ ತಾಲೂಕಿನ ಒಂದು ಮೂಲೆಯಲ್ಲಿ 2 ಎಕರೆ ಅಡಿಕೆ ತೋಟ, ಗುಡ್ಡದಲ್ಲಿ 300 ರಬ್ಬರ್ ಮರ, ಹಟ್ಟಿಯಲ್ಲಿ 3 ದನ ಇವೆ. ಟ್ಯಾಪಿಂಗ್ ನಾನೇ ಮಾಡುತ್ತೇನೆ. ಡಿಗ್ರಿ ಕಾಲೇಜು ಮುಗಿಸಿ ಊರಿಗೆ ಬಂದು 24 ವರ್ಷ ಕಳೆದ ಮೇಲೆ, 2022ರ ಜುಲೈಯಲ್ಲಿ, ಹೊರರಾಜ್ಯದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸಿಗೆ ಸೇರಿದೆ. ‘ಪರಿಸರ ನಿರ್ವಹಣೆ’ಯಲ್ಲಿ ಸ್ನಾತಕೋತ್ತರ ಪದವಿ. ಎರಡು ವರ್ಷದ ಕೋರ್ಸು ನನಗೆ ಎರಡೂವರೆ ವರ್ಷ ತೆಗೆದುಕೊಂಡಿತು.

ಸೇರಿದ್ದು ಯಾಕೆಂದರೆ, ನಮ್ಮ ಕಡೆ ಕೆಂಪು ಕಲ್ಲಿನ ಕೋರೆ, ಬೋರ್‌ವೆಲ್, ಹಳದಿ ರೋಗ ಎಂದು ಏನೇ ಮಾತು ಬಂದರೂ ‘ಪರಿಸರ ಹಾಳಾಯಿತು’ ಎನ್ನುತ್ತೇವೆ. ಎಷ್ಟು ಹಾಳಾಯಿತು, ಯಾರಿಂದ ಎಂದು ಕೇಳಿದರೆ ಎಲ್ಲರೂ ಮೌನ. ಅದನ್ನು ಅಳೆಯಲಿಕ್ಕೆ ಕಲಿಯಬೇಕು ಎಂದು ಆಸೆಯಾಯಿತು. ಹಾಗೆ ಅಳೆದಾಗ ಸಿಕ್ಕಿಬಿದ್ದದ್ದು ಕೋರೆಯವನಲ್ಲ, ನಾನೇ. ಅದನ್ನು ಮುಂದೆ ಹೇಳುತ್ತೇನೆ. ಮೊದಲು, ತೋಟದ ಕೆಲಸ ಬಿಡದೆ ಓದುವುದು ಹೇಗೆ ಎಂದು ಕೆಲವರು ಕೇಳಿದ್ದಾರೆ, ಅದಕ್ಕೆ ಉತ್ತರ.

ವಾರಕ್ಕೆ 23 ಗಂಟೆ!

ಕಾಲೇಜಿನಲ್ಲಿ ವರ್ಷ ಲೆಕ್ಕವಾದರೆ ಇಲ್ಲಿ ‘ಕ್ರೆಡಿಟ್’ ಲೆಕ್ಕ. ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಪಾಠ ನೋಡುವುದು, ಪುಸ್ತಕ ಓದುವುದು, ಬರೆದು ಕಳಿಸುವುದು ಎಲ್ಲ ಸೇರಿ. ನನ್ನ ಕೋರ್ಸು 80 ಕ್ರೆಡಿಟ್. ಅಂದರೆ 2400 ಗಂಟೆ. ಎರಡು ವರ್ಷದ 104 ವಾರಕ್ಕೆ ಹಂಚಿದರೆ ವಾರಕ್ಕೆ 23 ಗಂಟೆ ಬೀಳುತ್ತದೆ. ಸೇರುವ ಮೊದಲು ಈ ಭಾಗಾಕಾರ ಮಾಡಿರಲಿಲ್ಲ. ಮಾಡಿದ್ದರೆ ಬಹುಶಃ ಸೇರುತ್ತಿರಲಿಲ್ಲ.

ನಿಜವಾಗಿ ನನಗೆ ಸಿಕ್ಕಿದ್ದು ಅಡಿಕೆ ಕೊಯ್ಲಿನ ಸಮಯದಲ್ಲಿ ವಾರಕ್ಕೆ 12-13 ಗಂಟೆ, ಮಳೆಗಾಲದಲ್ಲಿ 20. ಪುಸ್ತಕದಲ್ಲಿ ಗುರುತು ಹಾಕಿ ಇಟ್ಟದ್ದರಿಂದ ಹೇಳುತ್ತಿದ್ದೇನೆ. ಅಷ್ಟರಲ್ಲೇ ಪಾಸಾಗಬಹುದು, ಆದರೆ ಎಲ್ಲ ವಿಷಯವನ್ನೂ ಒಂದೇ ಆಳದಲ್ಲಿ ಓದಲಿಕ್ಕಾಗುವುದಿಲ್ಲ. ‘ಪರಿಸರ ಅರ್ಥಶಾಸ್ತ್ರ’ ಎಂಬ ಒಂದು ಪೇಪರನ್ನು ನಾನು ಪಾಸು ಮಾಡಿದ್ದೇನೆ, ಕಲಿತಿಲ್ಲ.

ರಬ್ಬರ್ ಇರುವವರಿಗೆ ಒಂದು ಅನುಕೂಲ ಉಂಟು. ನಾನು ದಿನ ಬಿಟ್ಟು ದಿನ ಟ್ಯಾಪಿಂಗ್ ಮಾಡುವವ. ಟ್ಯಾಪಿಂಗ್ ಇಲ್ಲದ ದಿನ ಬೆಳಿಗ್ಗೆ ನಾಲ್ಕೂವರೆಯಿಂದ ಆರೂವರೆ ನನ್ನದು. ಹೇಗೂ ಆ ಹೊತ್ತಿಗೆ ಎಚ್ಚರವಾಗುವ ಅಭ್ಯಾಸ ಇದೆ. ರಾತ್ರಿ ಊಟದ ನಂತರ ಓದುತ್ತೇನೆಂದು ಹೊರಟರೆ ಹದಿನೈದು ನಿಮಿಷದಲ್ಲಿ ತಲೆ ಮೇಜಿನ ಮೇಲೆ. ಅದಕ್ಕೆ ರಾತ್ರಿಯ ಹೊತ್ತನ್ನು ಬರೆಯುವ ಕೆಲಸಕ್ಕೆ ಇಟ್ಟೆ. ಕೈ ಆಡುತ್ತಿದ್ದರೆ ನಿದ್ದೆ ದೂರ. ಎಲೆ ಉದುರಿ ಟ್ಯಾಪಿಂಗ್ ನಿಲ್ಲುವ ಫೆಬ್ರವರಿ-ಮಾರ್ಚಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ.

ಪಾಠದ ಆಡಿಯೋವನ್ನು ಕಿವಿಗೆ ಸಿಕ್ಕಿಸಿ ಟ್ಯಾಪಿಂಗ್ ಮಾಡಿದರೆ ಸಮಯ ಉಳಿಯುತ್ತದಲ್ಲ ಎಂದು ಒಂದು ವಾರ ನೋಡಿದೆ. ತಲೆಗೆ ಹೆಡ್‌ಲೈಟು, ಕಿವಿಯಲ್ಲಿ ಮಣ್ಣಿನ ಸಾರಜನಕ ಚಕ್ರ. ಪರಿಣಾಮ, ಆರು ಮರಗಳ ತೊಗಟೆ ಒಳಗಿನವರೆಗೆ ಗಾಯ. ಕತ್ತಿ ಆಳಕ್ಕೆ ಹೋದದ್ದೇ ಗೊತ್ತಾಗಲಿಲ್ಲ. ಆ ಗಂಟುಗಳು ಇವತ್ತಿಗೂ ಉಂಟು. ಅಡಿಕೆ ಸುಲಿಯುವಾಗ ಕೇಳಿ, ದನಕ್ಕೆ ಹುಲ್ಲು ತರುವಾಗ ಕೇಳಿ, ಟ್ಯಾಪಿಂಗಿನಲ್ಲಿ ಬೇಡ.

ಇನ್ನೊಂದು ಮಾತು ಬರೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ನನ್ನ ಓದಿನ ಗಂಟೆಗಳು ಆಕಾಶದಿಂದ ಬಿದ್ದದ್ದಲ್ಲ. ಮೊದಲು ಇಬ್ಬರೂ ಸೇರಿ ಮಾಡುತ್ತಿದ್ದ ಶೀಟು ಒತ್ತುವ ಕೆಲಸ, ಸಂಜೆ ಹಾಲು ಕರೆಯುವುದು ಪೂರ್ತಿ ಮನೆಯವಳ ಪಾಲಿಗೆ ಬಂತು. ‘ಡಿಗ್ರಿಯಲ್ಲಿ ಅರ್ಧ ನನ್ನ ಹೆಸರಿಗೆ ಬರೀಲಿಕ್ಕೆ ಹೇಳಿ’ ಎಂದು ಅವಳು ತಮಾಷೆ ಮಾಡಿದ್ದು ಪೂರ್ತಿ ತಮಾಷೆಯಲ್ಲ.

ಸೇರುವ ಮೊದಲು ನೋಡಬೇಕಾದ್ದು

ಒಮ್ಮೆಲೇ ಫೀಸು ಕಟ್ಟಬೇಡಿ. 2017ರಲ್ಲಿ ಕೇಂದ್ರ ಸರಕಾರ ಶುರು ಮಾಡಿದ ‘ಸ್ವಯಂ’ ಎಂಬ ವ್ಯವಸ್ಥೆ ಇದೆ. ಅದಕ್ಕೂ ಮೊದಲಿಂದಲೇ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ‘ಎನ್‌ಪಿಟೆಲ್’ ಇದೆ. ಇವುಗಳಲ್ಲಿ 4, 8, 12 ವಾರದ ಪಾಠಗಳು ಇವೆ. ನೋಡಲು, ಕಲಿಯಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆಗೆ ಫೀಸು ಕಟ್ಟಬೇಕು. ನಾನು ಮೊದಲು ನೀರಿನ ಗುಣಮಟ್ಟದ ಬಗ್ಗೆ 12 ವಾರದ್ದೊಂದು ಮಾಡಿದೆ. ಹನ್ನೆರಡು ವಾರ ತಪ್ಪದೆ ಕೂರಲಿಕ್ಕಾದರೆ ಮುಂದಿನದ್ದಕ್ಕೆ ಕೈ ಹಾಕಬಹುದು. ಇಂಗ್ಲಿಷ್ ಎಷ್ಟು ಕಷ್ಟವಾಗುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ನನಗೆ ಕಷ್ಟವೇ ಆಯಿತು. ಒಂದೊಂದು ಪಾಠವನ್ನೂ ಕನ್ನಡದಲ್ಲಿ ಅರ್ಧ ಪುಟ ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಕನ್ನಡದಲ್ಲಿ ಬರೆಯಲಿಕ್ಕೆ ಬಾರದ್ದು ನನಗೆ ಅರ್ಥವಾಗಿಲ್ಲ ಎಂದು ಲೆಕ್ಕ.

ಪದವಿಗೆ ಸೇರುವುದಾದರೆ, ಆ ವಿಶ್ವವಿದ್ಯಾಲಯಕ್ಕೆ ಆ ಕೋರ್ಸನ್ನು ಆನ್‌ಲೈನಿನಲ್ಲಿ ಕೊಡಲು ಯುಜಿಸಿಯ ಅನುಮತಿ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀವೇ ನೋಡಿ. ಪೇಟೆಯಲ್ಲಿ ಬೋರ್ಡು ಹಾಕಿ ‘ನಮ್ಮ ಸೆಂಟರಿನಲ್ಲಿ ಅಡ್ಮಿಷನ್’ ಎನ್ನುವವರ ಮಾತು ಕೇಳಿ ಹಣ ಕೊಡಬೇಡಿ, ಫ್ರಾಂಚೈಸಿ ಕೊಡುವುದಕ್ಕೆ ಯುಜಿಸಿ ನಿಯಮದಲ್ಲಿ ಅವಕಾಶವಿಲ್ಲ. 2024ರಿಂದ ಸೇರುವವರು ‘ಡಿಇಬಿ ಐಡಿ’ ಎಂಬ ಒಂದು ನಂಬರನ್ನೂ ಮಾಡಿಸಿಕೊಳ್ಳಬೇಕು. ನಾನು ಸೇರುವಾಗ ಅದು ಇರಲಿಲ್ಲ. ಪದವಿಗೆ ಬೆಲೆ ಉಂಟೋ ಎಂದು ಕೇಳುವವರಿಗೆ, ಅನುಮತಿ ಇರುವ ಆನ್‌ಲೈನ್ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟ ಮಾಡಿದೆ. ಎರಡು ವರ್ಷದ್ದನ್ನು ನಾಲ್ಕು ವರ್ಷದವರೆಗೆ ಎಳೆಯುವ ಅವಕಾಶವೂ ಇದೆ. ಕೃಷಿಕರಿಗೆ ಇದೇ ದೊಡ್ಡ ಸೌಕರ್ಯ.

ಅಂದ ಹಾಗೆ, ಕೃಷಿ, ತೋಟಗಾರಿಕೆಯ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡುವುದಕ್ಕೆ ನಿಷೇಧ ಇದೆ. ಮಣ್ಣು ಮುಟ್ಟದೆ ಕೃಷಿ ಕಲಿಯಲಿಕ್ಕಾಗದು ಎಂದು ಅವರ ಲೆಕ್ಕ ಇರಬೇಕು. ಮಣ್ಣಿನಲ್ಲೇ ಇರುವವನಿಗೆ ಕೊಡಬಹುದಿತ್ತಲ್ಲ ಎಂದು ನನ್ನ ತಕರಾರು.

ಪರೀಕ್ಷೆಯ ಕಥೆ ಚುಟುಕಾಗಿ ಹೇಳುತ್ತೇನೆ. ಮನೆಯಲ್ಲೇ ಲ್ಯಾಪ್‌ಟಾಪಿನ ಎದುರು ಕೂತು ಬರೆಯುವುದು. ಕ್ಯಾಮರಾ ನಮ್ಮನ್ನು ನೋಡುತ್ತಾ ಇರುತ್ತದೆ, ಆಚೀಚೆ ತಿರುಗುವಂತಿಲ್ಲ. 2023ರ ಜೂನ್‌ನಲ್ಲಿ ಐವತ್ತನೇ ನಿಮಿಷಕ್ಕೆ ತೋಟದಲ್ಲಿ ಒಂದು ಸೋಗೆ ತಂತಿಯ ಮೇಲೆ ಬಿತ್ತು. ಕರೆಂಟಿಗೆ ಇನ್ವರ್ಟರ್ ಇತ್ತು, ನೆಟ್ಟಿಗೆ ಏನೂ ಇರಲಿಲ್ಲ. ಪರೀಕ್ಷೆ ಅಲ್ಲಿಗೇ ಮುಗಿಯಿತು. ಮೂರು ಪತ್ರ ಬರೆದೆ, ಉಪಯೋಗ ಆಗಲಿಲ್ಲ. ಪುನಃ ಫೀಸು ಕಟ್ಟಿ ಡಿಸೆಂಬರಿನಲ್ಲಿ ಬರೆಯಬೇಕಾಯಿತು. ಆಮೇಲೆ ಎಲ್ಲ ಪರೀಕ್ಷೆಯನ್ನೂ ಪುತ್ತೂರು ಪೇಟೆಯ ನೆಂಟರ ಮನೆಗೆ ಹೋಗಿ ಬರೆದೆ. ಜೂನ್ ಪರೀಕ್ಷೆ ಮತ್ತು ಬೋರ್ಡೋ ಸಿಂಪಡಣೆ ಒಟ್ಟೊಟ್ಟಿಗೆ ಬರುತ್ತವೆ. ಒಂದು ವರ್ಷ ಮದ್ದು ತಡವಾಗಿ ಕೊಳೆರೋಗಕ್ಕೆ ಮೂರು ಕ್ವಿಂಟಾಲಿನಷ್ಟು ಅಡಿಕೆ ಹೋಯಿತು. ಫೀಸು, ಲ್ಯಾಪ್‌ಟಾಪು ಎಲ್ಲ ಸೇರಿದ ಖರ್ಚಿಗಿಂತ ಆ ನಷ್ಟವೇ ದೊಡ್ಡದು.

ತೋಟಕ್ಕೊಂದು ಪರಿಸರ ಲೆಕ್ಕ

ಪರಿಸರ ನಿರ್ವಹಣೆ ಎಂದರೆ ಗಿಡ ನೆಡುವುದು ಎಂದು ನಾನು ತಿಳಿದಿದ್ದೆ. ಗಿಡದ ಮಾತೇ ಕಡಿಮೆ. ಬಹುಪಾಲು ಲೆಕ್ಕ ಇಡುವ ಕೆಲಸ. ಕಾರ್ಖಾನೆಗಳು ಗೋಡೆಗೆ ತೂಗುಹಾಕುವ ‘ಐಎಸ್‌ಓ 14001’ ಎಂಬ ಸರ್ಟಿಫಿಕೇಟನ್ನು ಕೆಲವರು ನೋಡಿರಬಹುದು. ಆ ಪದ್ಧತಿ ಬಂದದ್ದು 1996ರಲ್ಲಿ. ಅದರ ತಿರುಳು ಬಹಳ ಸರಳ. ನೀವು ಮಾಡುವ ಒಂದೊಂದು ಕೆಲಸವನ್ನೂ ಬರೆಯಿರಿ. ಆ ಕೆಲಸಕ್ಕೆ ಹೊರಗಿನಿಂದ ಏನು ಬರುತ್ತದೆ, ಅದರಿಂದ ಹೊರಗೆ ಏನು ಹೋಗುತ್ತದೆ ಬರೆಯಿರಿ. ಹೊರಗೆ ಹೋದದ್ದು ಎಲ್ಲಿಗೆ ಹೋಗಿ ಏನು ಮಾಡುತ್ತದೆ ಬರೆಯಿರಿ. ಯಾವುದು ದೊಡ್ಡದು, ಯಾವುದು ಸಣ್ಣದು ನೋಡಿ ದೊಡ್ಡದನ್ನು ಮೊದಲು ಸರಿಮಾಡಿ. ಸರಿಯಾಯಿತೋ ಎಂದು ಪುನಃ ಅಳೆಯಿರಿ.

ಮೂರನೇ ಸೆಮಿಸ್ಟರಿನಲ್ಲಿ ಇದನ್ನು ಅವರವರು ಕೆಲಸ ಮಾಡುವ ಜಾಗಕ್ಕೆ ಮಾಡಿ ತರಬೇಕೆಂದರು. ನನ್ನ ಜೊತೆ ಓದುತ್ತಿದ್ದವರಲ್ಲಿ ಗುಜರಾತಿನ ರಾಸಾಯನಿಕ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು, ಒಂದು ಆಸ್ಪತ್ರೆಯ ಆಡಳಿತದವರು, ಹೋಟೆಲಿನವರು ಇದ್ದರು. ಕೃಷಿಕ ನಾನೊಬ್ಬನೇ. ಉಳಿದವರಿಗೆ ತಮ್ಮ ಕಂಪೆನಿಯ ಲೆಕ್ಕ ಹೊರಗೆ ಹಾಕಲಿಕ್ಕೆ ಮೇಲಿನವರ ಪರ್ಮಿಷನ್ ಬೇಕು. ನನಗೆ ಯಾರ ಪರ್ಮಿಷನ್? ಒಂದು ಭಾನುವಾರ ಕೂತು ಬರೆದೆ, 38 ಸಾಲು ಆಯಿತು.

ಬರೆಯುತ್ತಾ ಹೋದ ಹಾಗೆ ಒಂದೊಂದು ಸಾಲೂ ಕಣ್ಣಿಗೆ ಚುಚ್ಚಿತು. ಮೈಲುತುತ್ತು ತೆಗೆದುಕೊಳ್ಳಿ. ನನ್ನ 1000 ಅಡಿಕೆ ಮರಕ್ಕೆ ವರ್ಷಕ್ಕೆ ಎರಡು ಸಲದ ಸಿಂಪಡಣೆಗೆ 24 ಕಿಲೋ ಬೇಕು. ಮೈಲುತುತ್ತಿನ ಕಾಲು ಭಾಗ ತಾಮ್ರ. ಅಂದರೆ ವರ್ಷಕ್ಕೆ 6 ಕಿಲೋ ತಾಮ್ರ. ಅಪ್ಪನ ಕಾಲದಿಂದ 30 ವರ್ಷ ಎಂದು ಹಿಡಿದರೂ 180 ಕಿಲೋ. ತಾಮ್ರ ಗೊಬ್ಬರದ ಹಾಗೆ ಕರಗಿ ಹೋಗುವುದಿಲ್ಲ, ಬಹುಪಾಲು ಮೇಲ್ಮಣ್ಣಿನಲ್ಲೇ ಕೂರುತ್ತದೆ. ಇದಕ್ಕೆ ನಾನು ಪರಿಹಾರ ಕಂಡುಕೊಂಡಿಲ್ಲ. ಮದ್ದು ಬಿಟ್ಟರೆ ಏನಾಗುತ್ತದೆಂದು ಮೇಲೆ ಹೇಳಿದೆನಲ್ಲ.

ಆ ಪಟ್ಟಿಯಲ್ಲಿ 17ನೇ ಸಾಲು ‘ಶೀಟು ಮಾಡಿದ ನೀರು’. ಎಲ್ಲಿಗೆ ಹೋಗುತ್ತದೆ? ತೋಡಿಗೆ. ಪರಿಣಾಮ? ‘ಕಡಿಮೆ’ ಎಂದು ಬರೆದು ಕಳಿಸಿದೆ.

ಪಾಠ ಮಾಡುವವರು ಎಲ್ಲವನ್ನೂ ಒಪ್ಪಿ ಆ ಸಾಲಿನ ಎದುರು ಮಾತ್ರ ಒಂದು ಪ್ರಶ್ನೆ ಬರೆದು ವಾಪಸು ಕಳಿಸಿದರು. ‘ಕಡಿಮೆ ಎಂದು ನಿಮಗೆ ಹೇಗೆ ಗೊತ್ತು?’

ಕೆಳಗಿನ ಮನೆಯ ಗೌಡ್ರು

ಇಲ್ಲಿ ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು. ನಮ್ಮ ತೋಟದ ಬದಿಯಲ್ಲಿ ಹರಿಯುವ ತೋಡು ಕೆಳಗೆ ಗೌಡ್ರ ತೋಟಕ್ಕೆ ಹೋಗುತ್ತದೆ. ಪ್ರತಿವರ್ಷ ಜನವರಿ ಹೊತ್ತಿಗೆ ನೀರಿನ ಹರಿವು ಕಡಿಮೆಯಾದಾಗ ಮೂರು ಮನೆಯವರು ಸೇರಿ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತೇವೆ. ನಮ್ಮ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. 2021ರ ಜನವರಿಯಲ್ಲಿ ಕಟ್ಟದ ನೀರಿನಲ್ಲಿ ಮೀನು ಸತ್ತು ತೇಲಿದವು. ಕೊಳೆತ ಮೊಟ್ಟೆಯ ವಾಸನೆ. ಗೌಡ್ರು ಬಂದು ಅಂಗಳದಲ್ಲೇ ನಿಂತು, ‘ನಿಮ್ಮ ರಬ್ಬರ್ ನೀರು ಬಿಡುವುದು ನಿಲ್ಲಿಸಿ ಅಣ್ಣೆರೆ, ನಮ್ಮ ಬಾವಿಯೂ ಅಲ್ಲೇ ಉಂಟು’ ಎಂದರು. ನಾನು ಸುಮ್ಮನಿರಬಹುದಿತ್ತು. ‘ಎರಡು ಬಕೆಟ್ ನೀರಿಗೆ ಮೀನು ಸಾಯ್ತದಾ? ಮೇಲೆ ಕೋರೆಯವರನ್ನು ಕೇಳಿ’ ಎಂದುಬಿಟ್ಟೆ. ಮರುವರ್ಷ ಕಟ್ಟಕ್ಕೆ ಅವರ ಮನೆಯಿಂದ ಯಾರೂ ಬರಲಿಲ್ಲ. ಮಗಳ ಹುಟ್ಟುಹಬ್ಬಕ್ಕೂ ಬರಲಿಲ್ಲ.

ಈಗ ಪಾಠದವರ ಪ್ರಶ್ನೆ ಎದುರಿಗೆ ಬಂತು. ಅಳೆಯದೆ ಉತ್ತರ ಬರೆಯುವ ಹಾಗಿಲ್ಲ.

ಮೊದಲು ನೀರು ಎಷ್ಟು ಎಂದು ನೋಡಿದೆ. ಒಂದು ಟ್ಯಾಪಿಂಗಿಗೆ ನನಗೆ 24 ಶೀಟು ಆಗುತ್ತದೆ. ಹಾಲಿಗೆ ನೀರು ಬೆರೆಸಿ ಒಂದೊಂದು ಟ್ರೇಗೆ 4 ಲೀಟರಿನಂತೆ ಹೊಯ್ಯುವುದು, ಆಸಿಡ್ ಹಾಕುವುದು, ಮರುದಿನ ಬೆಳಿಗ್ಗೆ ಗಟ್ಟಿಯಾದದ್ದನ್ನು ರೋಲರಿಗೆ ಕೊಡುವುದು. ಆಗ ಒಂದೊಂದು ಟ್ರೇಯಿಂದ ಮೂರು ಲೀಟರಿಗೂ ಹೆಚ್ಚು ಹುಳಿನೀರು ಹೊರಗೆ ಬರುತ್ತದೆ. ಒಟ್ಟು 80 ಲೀಟರ್. ಶೀಟು, ಟ್ರೇ, ರೋಲರ್ ತೊಳೆದ ನೀರು ಇನ್ನೊಂದು 120. ಎರಡು ಬಕೆಟ್ ಅಲ್ಲ, 200 ಲೀಟರ್. ವರ್ಷಕ್ಕೆ 120 ಟ್ಯಾಪಿಂಗ್ ಎಂದರೆ 24 ಸಾವಿರ ಲೀಟರ್.

ಆಮೇಲೆ 2023ರ ಡಿಸೆಂಬರಿನಲ್ಲಿ ಆ ನೀರನ್ನು ಬಾಟಲಿಯಲ್ಲಿ ತುಂಬಿ ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಮಂಗಳೂರಿನ ಒಂದು ಲ್ಯಾಬಿಗೆ ಕೊಟ್ಟು ಬಂದೆ. (ನೀವು ಕೊಡುವುದಾದರೆ ತಂಪಿನಲ್ಲೇ ಒಯ್ಯಿರಿ, ಬಿಸಿಯಾದರೆ ದಾರಿಯಲ್ಲೇ ಕೊಳೆತು ಫಲಿತಾಂಶ ತಪ್ಪುತ್ತದೆ.) ಕೇಳಿದ್ದು ಎರಡೇ ಪರೀಕ್ಷೆ: ಪಿ.ಹೆಚ್. ಮತ್ತು ಬಿ.ಓ.ಡಿ.

ಬಿ.ಓ.ಡಿ. ಎಂದರೇನು? ನೀರಿಗೆ ಬಿದ್ದ ಕೊಳೆಯುವ ವಸ್ತುವನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡುತ್ತವೆ. ಒಂದು ಲೀಟರ್ ಕೊಳೆನೀರನ್ನು ತಿನ್ನಲು ಅವಕ್ಕೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಎನ್ನುವುದೇ ಬಿ.ಓ.ಡಿ. ನಮ್ಮ ದೇಶದಲ್ಲಿ ನೀರನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಇಟ್ಟು ನೋಡುತ್ತಾರೆ. ಹೊಳೆ, ತೋಡುಗಳಿಗೆ ಕೊಳೆನೀರು ಬಿಡುವ ಕಾರ್ಖಾನೆಗಳಿಗೆ ಸಾಮಾನ್ಯ ಮಿತಿ 30. ಕೃಷಿ ಭೂಮಿಗೆ ನೀರಾವರಿಯಾಗಿ ಬಿಡುವುದಾದರೆ 100. ಪಿ.ಹೆಚ್. 5.5ರಿಂದ 9ರ ಒಳಗೆ ಇರಬೇಕು.

ನನ್ನ ನೀರಿನ ಪಿ.ಹೆಚ್. 4.8. ಬಿ.ಓ.ಡಿ. 2100.

ಈ ಮಿತಿಗಳು ಕಾರ್ಖಾನೆಗೆ ಬರೆದದ್ದು. ನಮ್ಮಂಥ ಸಣ್ಣ ಬೆಳೆಗಾರನ ರೋಲರ್ ಶೆಡ್ಡಿಗೆ ಬಂದು ಯಾರೂ ಕೇಳುವುದಿಲ್ಲ. ಆದರೆ ಮೀನಿಗೆ ಅದು ಗೊತ್ತಿಲ್ಲವಲ್ಲ. ನಾನು ಕೂತು ಇನ್ನೊಂದು ಲೆಕ್ಕ ಮಾಡಿದೆ. 2100 ಮಿಲಿಗ್ರಾಂ ಅನ್ನು 200 ಲೀಟರಿಗೆ ಗುಣಿಸಿದರೆ 420 ಗ್ರಾಂ ಆಮ್ಲಜನಕ. ನಮ್ಮ ಹವೆಯಲ್ಲಿ ಒಂದು ಲೀಟರ್ ಶುದ್ಧ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಹೆಚ್ಚೆಂದರೆ 8 ಮಿಲಿಗ್ರಾಂ. ಭಾಗಿಸಿ ನೋಡಿ. ನನ್ನ ಒಂದು ಟ್ಯಾಪಿಂಗಿನ ನೀರು 52 ಸಾವಿರ ಲೀಟರ್ ತೋಡಿನ ನೀರಿನ ಉಸಿರನ್ನು ಪೂರ್ತಿ ಹೀರಬಲ್ಲದು. ಜುಲೈಯಲ್ಲಿ ತೋಡು ತುಂಬಿ ಹರಿಯುವಾಗ ಅದು ಲೆಕ್ಕಕ್ಕಿಲ್ಲ. ಜನವರಿಯಲ್ಲಿ ಕಟ್ಟದ ಹಿಂದೆ ನಿಂತ ನೀರಿಗೆ, ಟ್ಯಾಪಿಂಗ್ ಜೋರಿರುವ ಸಮಯದಲ್ಲಿ, ದಿನ ಬಿಟ್ಟು ದಿನ ಬಿಟ್ಟರೆ?

ವಾಸನೆಯ ಕಾರಣವೂ ಗೊತ್ತಾಯಿತು. ಶೀಟಿಗೆ ಹಾಕಬೇಕಾದ್ದು ಫಾರ್ಮಿಕ್ ಆಸಿಡ್. ಕ್ರಯ ಕಡಿಮೆ ಎಂದು 2019ರಿಂದ ನಾನು ಗಂಧಕಾಮ್ಲ ಹಾಕುತ್ತಿದ್ದೆ. ಅದರ ಗಂಧಕ ನೀರಿನಲ್ಲಿ ಉಳಿಯುತ್ತದೆ. ಆಮ್ಲಜನಕ ಮುಗಿದ ನೀರಿನಲ್ಲಿ ಅದೇ ಗಂಧಕ ಕೊಳೆತ ಮೊಟ್ಟೆ ವಾಸನೆಯ ಅನಿಲ ಆಗುತ್ತದೆ. ಆ ಅನಿಲ ಮೀನಿಗೆ ವಿಷ. ಗೌಡ್ರು ಹೇಳಿದ್ದಕ್ಕೂ ನಾನು ಆಸಿಡ್ ಬದಲಾಯಿಸಿದ್ದಕ್ಕೂ ವರ್ಷ ಹೆಚ್ಚು ಕಡಿಮೆ ಹೊಂದುತ್ತದೆ.

ರಿಪೋರ್ಟು ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ತಿರುಗಿದೆ. ಪ್ರಾಜೆಕ್ಟಿನಲ್ಲಿ ಬರೆದರೆ ಮಾರ್ಕು ಬರುತ್ತದೆ, ಗೌಡ್ರಿಗೆ ಹೇಳಬೇಕೆಂದೇನಿಲ್ಲ. ಐದನೇ ದಿನ ಸಂಜೆ ಹೋದೆ. ಅವರು ಅಡಿಕೆ ಗುಡಿಸುತ್ತಿದ್ದರು. ‘ಗೌಡ್ರೇ, ಆವತ್ತು ನೀವು ಹೇಳಿದ್ದು ಸರಿ ಇತ್ತು’ ಎಂದು ಕಾಗದ ಕೊಟ್ಟೆ. ಆಚೀಚೆ ತಿರುಗಿಸಿ ನೋಡಿ ವಾಪಸು ಕೊಟ್ಟರು. ‘ಇದು ಇಂಗ್ಲಿಷಿನಲ್ಲಿ ಉಂಟು. ನನಗೆ ಮೂಗಿನಲ್ಲೇ ಗೊತ್ತಾಗಿತ್ತು.’ ಸ್ವಲ್ಪ ಹೊತ್ತು ಬಿಟ್ಟು, ‘ಕೂತ್ಕೊಳ್ಳಿ. ಇನ್ನು ಎಂತ ಮಾಡ್ತೀರಿ?’

ಮಾಡಿದ್ದು, ಕೆಟ್ಟದ್ದು, ಪುನಃ ಮಾಡಿದ್ದು

ಶೀಟು ಮಾಡದೆ ಹಾಲನ್ನೇ ಡ್ರಮ್ಮಿನಲ್ಲಿ ಮಾರಿದರೆ ಸಮಸ್ಯೆಯೇ ಇಲ್ಲ. ನಮ್ಮ ರಸ್ತೆಗೆ ಮಳೆಗಾಲದಲ್ಲಿ ಪಿಕಪ್ ಬರುವುದಿಲ್ಲ, ಹಾಗಾಗಿ ನನಗೆ ಆ ದಾರಿ ಇಲ್ಲ.

ಶೀಟಿನ ನೀರನ್ನು ಗೋಬರ್ ಗ್ಯಾಸಿಗೆ ಹಾಕುವುದು ಕೇರಳದಲ್ಲಿ ಹಳೆಯ ಸಂಗತಿ. ನಮ್ಮ ಹಟ್ಟಿಯ ಹತ್ತಿರ ಗ್ಯಾಸ್ ಗುಂಡಿ ಇದ್ದೇ ಇದೆ. ಸೆಗಣಿ ಕಲಸಲು ಹೇಗೂ ನೀರು ಬೇಕು, ಅದರ ಬದಲು ಹುಳಿನೀರು ಹಾಕಿದರಾಯಿತು. ನಾನು ಉತ್ಸಾಹದಲ್ಲಿ ಮೊದಲ ದಿನವೇ 80 ಲೀಟರ್ ಸುರಿದೆ. ಎರಡು ವಾರ ಹಾಗೇ ಮಾಡಿದೆ. ಗ್ಯಾಸು ಕಡಿಮೆಯಾಗುತ್ತಾ ಬಂದು ಒಂದು ದಿನ ಒಲೆ ಹೊತ್ತಲೇ ಇಲ್ಲ. ಗುಂಡಿ ಹುಳಿ ಹಿಡಿದಿತ್ತು. ಹನ್ನೊಂದು ದಿನ ಸೌದೆ ಒಲೆ. ಮನೆಯಲ್ಲಿ ಆ ದಿನಗಳಲ್ಲಿ ನನ್ನ ಡಿಗ್ರಿಯ ಬಗ್ಗೆ ಕೇಳಿಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ತಪ್ಪು ಎರಡು. ಗಂಧಕಾಮ್ಲದ ನೀರು ಹಾಕಿದ್ದು, ಒಮ್ಮೆಲೇ ಹೆಚ್ಚು ಹಾಕಿದ್ದು. ಹುಳಿನೀರು ನಿಲ್ಲಿಸಿ ಬರೇ ಸೆಗಣಿ ಮತ್ತು ಬಾವಿ ನೀರು ಹಾಕಿ, ಸ್ವಲ್ಪ ಸುಣ್ಣದ ನೀರು ಕೊಟ್ಟು ಗುಂಡಿಯನ್ನು ದಾರಿಗೆ ತಂದೆ. ಫಾರ್ಮಿಕ್ ಆಸಿಡಿಗೆ ವಾಪಸು ಬಂದೆ, ಟ್ರೇ ಒಂದಕ್ಕೆ ಸುಮಾರು 2 ಮಿ.ಲೀ., ಚೆನ್ನಾಗಿ ನೀರು ಬೆರೆಸಿ. ಹುಳಿನೀರನ್ನು ದಿನಕ್ಕೆ 5 ಲೀಟರಿನಿಂದ ಶುರು ಮಾಡಿ ತಿಂಗಳಲ್ಲಿ 40 ಲೀಟರಿಗೆ ಏರಿಸಿದೆ. ಒಂದು ಟ್ಯಾಪಿಂಗಿನ 80 ಲೀಟರನ್ನು ಡ್ರಮ್ಮಿನಲ್ಲಿಟ್ಟು ಎರಡು ದಿನಕ್ಕೆ ಹಂಚುವುದು, ಜೊತೆಗೆ ದಿನಕ್ಕೆ 35 ಕಿಲೋ ಸೆಗಣಿ. ಈಗ ಗ್ಯಾಸು ಮೊದಲಿಗಿಂತ ಮುಕ್ಕಾಲು ಗಂಟೆ ಹೆಚ್ಚು ಉರಿಯುತ್ತದೆ. ಸ್ಲರಿ ಅಡಿಕೆ ಬುಡಕ್ಕೆ ಹೋಗುತ್ತದೆ.

ಉಳಿದದ್ದು ತೊಳೆದ ನೀರು. ಅದಕ್ಕೊಂದು ಇಂಗು ಗುಂಡಿ ಮಾಡಲು ಹೊರಟೆ. ಪುಸ್ತಕದಲ್ಲಿ ಹೇಳಿದ ಅಂತರ, ಇಳಿಜಾರು ಎಲ್ಲ ನೋಡಿ ಜಾಗ ಗುರುತು ಮಾಡಿದೆ. ಗೌಡ್ರು ಬಂದವರು, ‘ಅಲ್ಲಿ ಬೇಡ, ಮಳೆಗಾಲದಲ್ಲಿ ಅಲ್ಲಿ ಒರತೆ ಏಳ್ತದೆ’ ಎಂದರು. ಬೇಸಿಗೆಯಲ್ಲಿ ಒಣಗಿ ನಿಂತ ಮಣ್ಣು ಅದು. ನಾನು ಅಲ್ಲೇ ತೋಡಿಸಿದೆ. 2024ರ ಜುಲೈಯಲ್ಲಿ ಗುಂಡಿ ಕೆಳಗಿನಿಂದಲೇ ತುಂಬಿ ಉಕ್ಕಿ ನೀರು ಪುನಃ ತೋಡಿಗೇ ಹೋಯಿತು. ಈಗಿನದ್ದು ಗೌಡ್ರು ಕೋಲು ಊರಿ ತೋರಿಸಿದ ಜಾಗದಲ್ಲಿದೆ. ತೋಡಿನಿಂದ ದೂರ, ಎತ್ತರದ ಬದಿ. ತೆಂಗಿನ ಸಿಪ್ಪೆ ಮತ್ತು ಜಲ್ಲಿ ತುಂಬಿದ ಎರಡು ಗುಂಡಿ, ಒಂದರ ನಂತರ ಒಂದು, ಕೊನೆಗೆ ನೇಪಿಯರ್ ಹುಲ್ಲು. ಸಿಪ್ಪೆಯನ್ನು ವರ್ಷಕ್ಕೊಮ್ಮೆ ತೆಗೆದು ಬದಲಿಸಬೇಕು. ಅದು ಕೊಳಕು ಕೆಲಸ, ಆಳುಗಳು ಒಪ್ಪುವುದಿಲ್ಲ, ನಾನೇ ಮಾಡುವುದು.

2025ರ ಜನವರಿಯಲ್ಲಿ ಕಟ್ಟ ಕಟ್ಟುವ ದಿನ ಗೌಡ್ರ ಮನೆಯಿಂದ ಇಬ್ಬರು ಬಂದರು. ಆ ವರ್ಷ ಕಟ್ಟದಲ್ಲಿ ವಾಸನೆ ಬರಲಿಲ್ಲ. ಸಣ್ಣ ಮೀನುಗಳು ಕಂಡಿವೆ. ಒಂದೆರಡು ವರ್ಷ ನೋಡದೆ ಹೆಚ್ಚು ಹೇಳುವುದು ಸರಿಯಲ್ಲ.

ಪದವಿಯ ಕಾಗದ ಬಂದು ಬೀರಿನಲ್ಲಿ ಇದೆ. ಅದರಿಂದ ಆದಾಯ ಬಂದಿಲ್ಲ. ಒಂದು ಉಪಯೋಗ ಮಾತ್ರ ಹೇಳಬಹುದು. ದೊಡ್ಡ ಗಣಿ, ಕಾರ್ಖಾನೆಗಳಿಗೆ ಅನುಮತಿ ಕೊಡುವ ಮೊದಲು 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕಾದ ಕಡೆ, ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಆ ಸಾರಾಂಶದಲ್ಲಿ ಯಾವ ಅಂಕಿಯನ್ನು ಹುಡುಕಬೇಕು, ನೀರನ್ನು ಯಾವ ತಿಂಗಳಲ್ಲಿ ಅಳೆದಿದ್ದಾರೆ ಎಂದು ಕೇಳಬೇಕು ಎನ್ನುವುದು ಈಗ ನನಗೆ ಗೊತ್ತು. ಜುಲೈಯಲ್ಲಿ ಅಳೆದರೆ ಎಲ್ಲ ತೋಡೂ ಶುದ್ಧವೇ.

ನನ್ನ ಗುಂಡಿಯಲ್ಲಿ ಇನ್ನೂ ಒಂದು ತೊಂದರೆ ಉಳಿದಿದೆ. ರಬ್ಬರಿನ ಸಣ್ಣ ಸಣ್ಣ ತುಣುಕುಗಳು ಸಿಪ್ಪೆಗೆ ಅಂಟಿ ನಾಲ್ಕೈದು ತಿಂಗಳಲ್ಲಿ ನೀರು ಇಳಿಯುವುದು ನಿಧಾನವಾಗುತ್ತದೆ. ಬಲೆ ಕಟ್ಟಿ ನೋಡಿದೆ, ಬಲೆಯೇ ಕಟ್ಟಿಕೊಳ್ಳುತ್ತದೆ. ಇದಕ್ಕೆ ಬೇರೆ ಉಪಾಯ ಮಾಡಿದ ಶೀಟು ಬೆಳೆಗಾರರು ಇದ್ದರೆ ಪತ್ರಿಕೆಗೆ ಬರೆಯಿರಿ.